ಕಾನೂನು ಪ್ರಶ್ನೋತ್ತರ: ಗೆದ್ದ ಕೇಸಿಗೆ ಅಮಲ್ಜಾರಿ ಎಲ್ಲಿ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ವಿದೇಶಿ ಬಂಡವಾಳ, ಜಮೀನು ಮತ್ತು ಪ್ರಾದೇಶಿಕ ನ್ಯಾಯಾಲಯಗಳ ಕುರಿತಾಗಿವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಜಿಂಬಾಬ್ವೆ ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ತಪ್ಪಿಗೆ ಒಂದು ಅಂತರರಾಷ್ಟ್ರೀಯ ನ್ಯಾಯಮಂಡಳಿಯನ್ನೇ ಮುಚ್ಚಿಬಿಟ್ಟರು ಎಂದು ತರಗತಿಯಲ್ಲಿ ಕೇಳಿದೆ. ಇದು ನಿಜವೇ? ಆಮೇಲೆ ಆ ತೀರ್ಪಿನ ಗತಿ ಏನಾಯಿತು?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜ. ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಕೂಟಕ್ಕೆ ‘ಸಾಡೆಕ್’ ಎಂದು ಹೆಸರು. ಅದರ ನ್ಯಾಯಮಂಡಳಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ 2005ರಲ್ಲಿ ಕೆಲಸ ಶುರುಮಾಡಿತು. ಅದೇ ವರ್ಷ ಜಿಂಬಾಬ್ವೆ ತನ್ನ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದು 16ಬಿ ಕಲಂ ಸೇರಿಸಿತು. ಆ ಕಲಮಿನ ಪ್ರಕಾರ ಸರ್ಕಾರ ಗುರುತಿಸಿ ಪ್ರಕಟಿಸಿದ ಕೃಷಿ ಜಮೀನು ಸರ್ಕಾರಕ್ಕೆ ಸೇರುತ್ತದೆ. ಮಣ್ಣಿಗೆ ಪರಿಹಾರವಿಲ್ಲ, ಅದರ ಮೇಲೆ ಮಾಡಿದ ಸುಧಾರಣೆಗಳಿಗೆ ಮಾತ್ರ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಾಧೀನವನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ.

ಚೆಗುಟು ಜಿಲ್ಲೆಯ ಮೌಂಟ್ ಕಾರ್ಮೆಲ್ ತೋಟದ ಮೈಕ್ ಕ್ಯಾಂಪ್‌ಬೆಲ್ ಮತ್ತು ಅವರ ಕಂಪನಿ 2007ರ ಅಕ್ಟೋಬರ್ 11ರಂದು ವಿಂಡ್‌ಹುಕ್‌ನಲ್ಲಿ ದಾವೆ ಹೂಡಿದರು. ಡಿಸೆಂಬರ್‌ನಲ್ಲೇ ತಡೆಯಾಜ್ಞೆ ಸಿಕ್ಕಿತು. ಆಮೇಲೆ ಇನ್ನೂ 77 ಮಂದಿ ಸೇರಿಕೊಂಡರು. ‘ನಿಮ್ಮ ದೇಶದ ಕೋರ್ಟುಗಳನ್ನು ಮುಗಿಸಿಕೊಂಡು ಬನ್ನಿ’ ಎಂಬ ಸಾಮಾನ್ಯ ಆಕ್ಷೇಪ ಇಲ್ಲಿ ನಿಲ್ಲಲಿಲ್ಲ. ಕೋರ್ಟಿನ ಬಾಗಿಲನ್ನು ಸಂವಿಧಾನದಲ್ಲೇ ಮುಚ್ಚಿದ ಮೇಲೆ ಮುಗಿಸಿಕೊಂಡು ಬರಲು ಏನು ಉಳಿದಿದೆ ಎಂದು ಮಂಡಳಿ ಕೇಳಿತು.

ಜಿಂಬಾಬ್ವೆಯ ಇನ್ನೊಂದು ವಾದಕ್ಕೆ ಸ್ವಲ್ಪ ತೂಕವಿತ್ತು. ಸಾಡೆಕ್ ಒಂದು ಆರ್ಥಿಕ ಕೂಟ, ಅದರ ಒಪ್ಪಂದದಲ್ಲಿ ಮಾನವ ಹಕ್ಕುಗಳ ಪಟ್ಟಿ ಇಲ್ಲ, ಹಾಗಿರುವಾಗ ಮಂಡಳಿಗೆ ಅಧಿಕಾರ ಬಂದದ್ದು ಎಲ್ಲಿಂದ? ಮಂಡಳಿ ಒಪ್ಪಂದದ 4(ಸಿ) ವಿಧಿಯನ್ನು ಹಿಡಿಯಿತು. ಸದಸ್ಯ ದೇಶಗಳು ಮಾನವ ಹಕ್ಕು, ಪ್ರಜಾಪ್ರಭುತ್ವ ಮತ್ತು ಕಾನೂನಿನ ಆಳ್ವಿಕೆಗೆ ತಕ್ಕಂತೆ ನಡೆಯಬೇಕು ಎನ್ನುವ ಒಂದೇ ಸಾಲು ಅದು. ಆ ಸಾಲಿನ ಮೇಲೆಯೇ 2008ರ ನವೆಂಬರ್ 28ರ ತೀರ್ಪು ನಿಂತಿದೆ. ನ್ಯಾಯ ಕೇಳುವ ಹಕ್ಕು ಕಸಿಯಲಾಗಿದೆ, ಜನಾಂಗದ ಆಧಾರದ ಮೇಲೆ ತಾರತಮ್ಯವಾಗಿದೆ (ಈ ಅಂಶದಲ್ಲಿ ಐವರಲ್ಲಿ ಒಬ್ಬ ನ್ಯಾಯಾಧೀಶರದು ಭಿನ್ನ ನಿಲುವು), ಪರಿಹಾರ ಸಲ್ಲಬೇಕು ಎಂದು ಮಂಡಳಿ ಹೇಳಿತು. ಜಮೀನಿನಲ್ಲಿ ಇನ್ನೂ ಇದ್ದವರನ್ನು ಎಬ್ಬಿಸಕೂಡದು, ಆಗಲೇ ಹೊರಹಾಕಿದ ಮೂವರಿಗೆ 2009ರ ಜೂನ್ 30ರೊಳಗೆ ನ್ಯಾಯವಾದ ಪರಿಹಾರ ಕೊಡಬೇಕು ಎಂಬುದು ಆದೇಶ.

ಕೆಟ್ಟದ್ದು ಅಮಲ್ಜಾರಿಯಲ್ಲಿ. ಮಂಡಳಿಯ ನಿಯಮಾವಳಿಯ 32ನೇ ವಿಧಿಯ ಪ್ರಕಾರ ತೀರ್ಪನ್ನು ಸದಸ್ಯ ದೇಶದ ಕೋರ್ಟಿನಲ್ಲಿ ವಿದೇಶಿ ತೀರ್ಪಿನಂತೆ ನೋಂದಾಯಿಸಿ ಜಾರಿ ಮಾಡಿಸಿಕೊಳ್ಳಬೇಕು. ದೇಶ ಪಾಲಿಸದಿದ್ದರೆ ಮಂಡಳಿ ಶೃಂಗಸಭೆಗೆ ವರದಿ ಮಾಡಬೇಕು. ಶೃಂಗಸಭೆ ಎಂದರೆ ರಾಷ್ಟ್ರಾಧ್ಯಕ್ಷರ ಕೂಟ. ಅಲ್ಲಿ ಕೂತವರು ಜಿಂಬಾಬ್ವೆ ಅಧ್ಯಕ್ಷರ ಸಹೋದ್ಯೋಗಿಗಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮೊದಲ ದಾರಿಯೂ ಕೈಕೊಟ್ಟಿತು. 2010ರ ಜನವರಿಯಲ್ಲಿ ಹರಾರೆಯ ಹೈಕೋರ್ಟ್ ಮಂಡಳಿಗೆ ಅಧಿಕಾರ ಇತ್ತೆಂದು ಒಪ್ಪಿಕೊಂಡಿತು. ಆದರೆ ಈ ತೀರ್ಪನ್ನು ನೋಂದಾಯಿಸುವುದು ಜಿಂಬಾಬ್ವೆಯ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಅರ್ಜಿಯನ್ನು ತಳ್ಳಿಹಾಕಿತು. ಆ ವರ್ಷದ ಆಗಸ್ಟ್‌ನಲ್ಲಿ ಶೃಂಗಸಭೆ ಮಂಡಳಿಯನ್ನು ಅಮಾನತಿನಲ್ಲಿಟ್ಟಿತು. 2012ರಲ್ಲಿ, ಇನ್ನು ಮುಂದೆ ದೇಶ–ದೇಶಗಳ ನಡುವಿನ ವ್ಯಾಜ್ಯ ಮಾತ್ರ, ವ್ಯಕ್ತಿಗಳ ಅರ್ಜಿ ಬೇಡ ಎಂದು ತೀರ್ಮಾನವಾಯಿತು. 2014ರಲ್ಲಿ ಆ ಪ್ರಕಾರದ ಹೊಸ ನಿಯಮಾವಳಿಗೆ ಸಹಿ ಬಿತ್ತು. ಕ್ಯಾಂಪ್‌ಬೆಲ್ 2011ರ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು.

ತೀರ್ಪು ಪೂರ್ತಿ ನಿಷ್ಫಲವಾಯಿತೇ ಎಂದರೆ, ಇಲ್ಲ. ರೈತರು ಅದನ್ನು ದಕ್ಷಿಣ ಆಫ್ರಿಕಾಕ್ಕೆ ಒಯ್ದರು. ಅಲ್ಲಿನ ಕೋರ್ಟಿನಲ್ಲಿ ಜಾರಿಗೆ ಹಾಕಿದ್ದು ಮಂಡಳಿ ವಿಧಿಸಿದ್ದ ಖರ್ಚಿನ ಮೊತ್ತವನ್ನು. ಸಣ್ಣದೇ ಆದರೂ ಅದು ನಿರ್ದಿಷ್ಟ ಮೊತ್ತ, ಹಾಗಾಗಿ ಜಪ್ತಿಗೆ ಅನುಕೂಲ. ಕೇಪ್‌ಟೌನ್‌ನ ಕೆನಿಲ್‌ವರ್ತ್‌ನಲ್ಲಿ ಜಿಂಬಾಬ್ವೆ ಸರ್ಕಾರದ ಹೆಸರಲ್ಲಿ ಒಂದು ಮನೆ ಇತ್ತು. ರಾಯಭಾರ ಕಚೇರಿಯ ಕೆಲಸಕ್ಕೆ ಬಳಸುತ್ತಿದ್ದರೆ ರಾಜ್ಯ ವಿನಾಯಿತಿ, ಎಂದರೆ ಒಂದು ದೇಶದ ಸರ್ಕಾರಿ ಆಸ್ತಿಯನ್ನು ಇನ್ನೊಂದು ದೇಶದ ಕೋರ್ಟು ಮುಟ್ಟುವಂತಿಲ್ಲ ಎಂಬ ನಿಯಮ, ಅದನ್ನು ಕಾಪಾಡುತ್ತಿತ್ತು. ಬಾಡಿಗೆಗೆ ಕೊಟ್ಟಿದ್ದರಿಂದ ಅದು ವಾಣಿಜ್ಯ ಆಸ್ತಿ ಎನಿಸಿಕೊಂಡಿತು. 2013ರ ಜೂನ್ 27ರಂದು ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ ಜಿಂಬಾಬ್ವೆಯ ಮೇಲ್ಮನವಿಯನ್ನು ವಜಾ ಮಾಡಿತು. ಮನೆ ಹರಾಜಾಯಿತು. ವಿದೇಶಿ ಸರ್ಕಾರದ ವಿರುದ್ಧ ಡಿಕ್ರಿ ಹಿಡಿದವರು ಮೊದಲು ಹುಡುಕಬೇಕಾದದ್ದು ಇಂಥ ಬಾಡಿಗೆ ಮನೆಗಳನ್ನೇ.

ಅದೇ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜನರ ಅರ್ಜಿ ಹಕ್ಕನ್ನು ಕಿತ್ತುಕೊಳ್ಳುವ ನಿಯಮಾವಳಿಗೆ ತಮ್ಮ ಅಧ್ಯಕ್ಷರು ಸಹಿ ಹಾಕಿದ್ದೇ ಅಸಾಂವಿಧಾನಿಕ ಎಂದು ಹೇಳಿ, ಸಹಿ ಹಿಂದೆಗೆದುಕೊಳ್ಳಲು ಆದೇಶಿಸಿತು. ಮಂಡಳಿ ಮಾತ್ರ ಮತ್ತೆ ತೆರೆಯಲಿಲ್ಲ.

ಪ್ರಶ್ನೆ: ಅದೇ ಜಿಂಬಾಬ್ವೆಯಲ್ಲಿ ಜಮೀನು ಕಳೆದುಕೊಂಡ ಡಚ್ ಮತ್ತು ಜರ್ಮನ್ ಪ್ರಜೆಗಳಿಗೆ ಕೋಟಿಗಟ್ಟಲೆ ಪರಿಹಾರ ಘೋಷಣೆಯಾಯಿತಂತೆ. ಕಾನೂನು ಒಂದೇ, ಸ್ವಾಧೀನವೂ ಒಂದೇ. ಈ ವ್ಯತ್ಯಾಸ ಏಕೆ?
— ನಿವೃತ್ತ ಕಂದಾಯ ಅಧಿಕಾರಿ, ಮೈಸೂರು

ಉತ್ತರ: ಪಾಸ್‌ಪೋರ್ಟ್. ಉತ್ತರವನ್ನು ಇಷ್ಟಕ್ಕೇ ನಿಲ್ಲಿಸಬಹುದು, ಆದರೆ ವಿವರ ಗೊತ್ತಿದ್ದರೆ ಒಳ್ಳೆಯದು.

ಜಿಂಬಾಬ್ವೆ ಮತ್ತು ನೆದರ್ಲೆಂಡ್ಸ್ ನಡುವೆ ದ್ವಿಪಕ್ಷೀಯ ಹೂಡಿಕೆ ಒಪ್ಪಂದವಿತ್ತು. ಅದರ ಪ್ರಕಾರ ಡಚ್ ಪ್ರಜೆಯ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಂಡರೆ ಆತ ನೇರವಾಗಿ ವಿಶ್ವಬ್ಯಾಂಕ್ ಬಳಗದ ಹೂಡಿಕೆ ವ್ಯಾಜ್ಯ ಕೇಂದ್ರಕ್ಕೆ, ಎಂದರೆ ‘ಇಕ್ಸಿಡ್’ಗೆ, ಹೋಗಬಹುದು. 2009ರ ಏಪ್ರಿಲ್‌ನಲ್ಲಿ ಡಚ್ ರೈತರ ಗುಂಪಿಗೆ 80 ಲಕ್ಷ ಯೂರೊಗೂ ಹೆಚ್ಚು ಮೊತ್ತ ಮಂಜೂರಾಯಿತು. 2015ರ ಜುಲೈನಲ್ಲಿ ಫಾನ್ ಪೆಟ್ಸೋಲ್ಡ್ ಕುಟುಂಬದ ಕೇಸಿನಲ್ಲಿ, ಜರ್ಮನಿ ಮತ್ತು ಸ್ವಿಟ್ಸರ್ಲೆಂಡ್‌ಗಳ ಜೊತೆಗಿನ ಒಪ್ಪಂದಗಳಡಿ, ಇಕ್ಸಿಡ್‌ನ ಮಂಡಳಿ ಜಮೀನನ್ನೇ ವಾಪಸ್ ಕೊಡಿ ಎಂದಿತು. ಕೊಡದಿದ್ದರೆ ಸುಮಾರು 19.5 ಕೋಟಿ ಡಾಲರ್. ತೀರ್ಪು ರದ್ದತಿಗೆ ಜಿಂಬಾಬ್ವೆ ಹಾಕಿದ ಅರ್ಜಿ 2018ರಲ್ಲಿ ಬಿದ್ದುಹೋಯಿತು.

ಸಾಡೆಕ್ ತೀರ್ಪಿಗೂ ಇಕ್ಸಿಡ್ ತೀರ್ಪಿಗೂ ಇರುವ ಅಂತರ ಇಕ್ಸಿಡ್ ಒಡಂಬಡಿಕೆಯ 54 ಮತ್ತು 55ನೇ ವಿಧಿಗಳಲ್ಲಿದೆ. ಸದಸ್ಯ ದೇಶಗಳೆಲ್ಲ ಇಕ್ಸಿಡ್ ವಿಧಿಸಿದ ಹಣದ ಬಾಧ್ಯತೆಯನ್ನು ತಮ್ಮದೇ ಕೋರ್ಟಿನ ಅಂತಿಮ ತೀರ್ಪಿನಂತೆ ಜಾರಿ ಮಾಡಬೇಕು ಎನ್ನುತ್ತದೆ 54. ಸಾರ್ವಜನಿಕ ನೀತಿಗೆ ವಿರುದ್ಧ ಎಂಬ ಹರಾರೆಯ ನೆಪ ಇಲ್ಲಿ ನಡೆಯುವುದಿಲ್ಲ. ಜಪ್ತಿಯ ಹಂತದಲ್ಲಿ ರಾಜ್ಯ ವಿನಾಯಿತಿ ಹಾಗೇ ಉಳಿಯುತ್ತದೆ ಎನ್ನುತ್ತದೆ 55. ಹಾಗಾಗಿ ಪೆಟ್ಸೋಲ್ಡ್ ಕಡೆಯವರೂ ಹಣಕ್ಕಾಗಿ ಲಂಡನ್, ವಾಷಿಂಗ್ಟನ್ ಕೋರ್ಟುಗಳನ್ನು ಸುತ್ತಬೇಕಾಯಿತು. ಕಾಗದದ ಮೇಲೆ ಗೆದ್ದವರು ಹಣ ಎಣಿಸಿಕೊಂಡರು ಎಂದು ಭಾವಿಸಬೇಡಿ. ಅರ್ಜಿ ದಾಖಲಿಸುವ ಶುಲ್ಕವೇ 25,000 ಡಾಲರ್, ವಾಪಸ್ ಬರುವುದಿಲ್ಲ. ಇಡೀ ಕೇಸಿನ ಖರ್ಚು ಸರಾಸರಿ 80 ಲಕ್ಷ ಡಾಲರ್ ದಾಟುತ್ತದೆ ಎಂದು 2012ರಲ್ಲಿ ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿ ಲೆಕ್ಕ ಹಾಕಿತ್ತು.

ಪೆಟ್ಸೋಲ್ಡ್ ಕೇಸಿನಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ಜಿಂಬಾಬ್ವೆಯ ಪೂರ್ವ ಗಡಿಯ ನೆಡುತೋಪುಗಳ ಸುತ್ತಲಿನ ನಾಲ್ವರು ಬುಡಕಟ್ಟು ಮುಖಂಡರು, ಬರ್ಲಿನ್‌ನ ಮಾನವ ಹಕ್ಕು ಸಂಸ್ಥೆಯೊಂದರ ಜೊತೆ ಸೇರಿ, ‘ಇದು ನಮ್ಮ ಪೂರ್ವಿಕರ ನೆಲ, ನಮ್ಮ ಮಾತನ್ನೂ ಕೇಳಿ’ ಎಂದು ಅರ್ಜಿ ಕೊಟ್ಟರು. 2012ರ ಜೂನ್‌ನಲ್ಲಿ ಮಂಡಳಿ ನಿರಾಕರಿಸಿತು. ಅರ್ಜಿದಾರರು ಸರ್ಕಾರದಿಂದ ಸ್ವತಂತ್ರರಾಗಿದ್ದಾರೆಯೇ ಎಂಬ ಅನುಮಾನ ಒಂದು ಕಾರಣ. ಮೂಲನಿವಾಸಿಗಳ ಹಕ್ಕಿನ ವಿಷಯವನ್ನು ಉಭಯ ಪಕ್ಷಗಳಲ್ಲಿ ಯಾರೂ ಎತ್ತಿಲ್ಲ ಎಂಬುದು ಇನ್ನೊಂದು. ಅವರು ಕೇಳಿದ್ದು ಪಕ್ಷಕಾರರಾಗಲು ಅಲ್ಲ, ಲಿಖಿತ ಹೇಳಿಕೆ ಸಲ್ಲಿಸಲು ಅಷ್ಟೇ. ಎರಡನೆಯ ಕಾರಣ ನಮಗಂತೂ ಹಿಡಿಸುವುದಿಲ್ಲ. ಪಕ್ಷಕಾರರು ಎತ್ತದ ವಿಷಯವನ್ನು ತಿಳಿಸುವುದಕ್ಕೇ ಅಲ್ಲವೇ ಮೂರನೆಯವರ ಹೇಳಿಕೆಗೆ ನಿಯಮದಲ್ಲಿ ಅವಕಾಶ ಇಟ್ಟಿರುವುದು?

ಈ ತೋಟಗಳಲ್ಲಿ ಕೂಲಿ ಮಾಡುತ್ತಾ ಅಲ್ಲೇ ಗುಡಿಸಲು ಕಟ್ಟಿಕೊಂಡಿದ್ದ ಲಕ್ಷಾಂತರ ಕಾರ್ಮಿಕರು ಸಾಡೆಕ್‌ಗೂ ಹೋಗಲಿಲ್ಲ, ಇಕ್ಸಿಡ್‌ಗೂ ಹೋಗಲಿಲ್ಲ. ಒಪ್ಪಂದದ ಭಾಷೆಯಲ್ಲಿ ಅವರ ದುಡಿಮೆಗೆ ‘ಹೂಡಿಕೆ’ ಎಂಬ ಹೆಸರಿಲ್ಲ.

ಪ್ರಶ್ನೆ: ಬೆಂಗಳೂರಿನ ಗುಲಾಬಿ ಕಂಪನಿಯೊಂದು ಇಥಿಯೋಪಿಯಾದಲ್ಲಿ ಲಕ್ಷ ಹೆಕ್ಟೇರ್ ಜಮೀನು ಹಿಡಿದದ್ದು, ಆಮೇಲೆ ಕಳೆದುಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿನ ಸ್ಥಳೀಯರಿಗೆ ಅನ್ಯಾಯವಾದರೆ ಎಲ್ಲಿ ದೂರು ಕೊಡಬೇಕು? ಗುತ್ತಿಗೆ ರದ್ದಾದರೆ ನಮ್ಮ ಕಂಪನಿ ಎಲ್ಲಿ ಹೋಗಬೇಕು?
— ಹೂ ಬೆಳೆಗಾರರು, ದೊಡ್ಡಬಳ್ಳಾಪುರ

ಉತ್ತರ: ನೀವು ಹೇಳುತ್ತಿರುವುದು ಕರುಟೂರಿ ಗ್ಲೋಬಲ್ ವಿಷಯ. ಪಶ್ಚಿಮ ಇಥಿಯೋಪಿಯಾದ ಗಂಬೇಲಾದಲ್ಲಿ 2010ರ ಕರಾರಿನಂತೆ 1,00,000 ಹೆಕ್ಟೇರ್, ಅವಧಿ 50 ವರ್ಷ, ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್ (ಇಥಿಯೋಪಿಯಾದ ನಾಣ್ಯ). ಒಪ್ಪಿದಂತೆ ಸಾಗುವಳಿ ಮಾಡಿ ತೋರಿಸಿದರೆ ಇನ್ನೂ 2,00,000 ಹೆಕ್ಟೇರ್ ಸಿಗುವುದಿತ್ತು. ಬಾರೊ ನದಿಯ ನೆರೆ 2011ರಲ್ಲಿ ಮೆಕ್ಕೆಜೋಳವನ್ನು ಕೊಚ್ಚಿಕೊಂಡು ಹೋಯಿತು. ಒಪ್ಪಿಕೊಂಡಷ್ಟು ಜಮೀನನ್ನು ಸಾಗುವಳಿಗೆ ತಂದಿಲ್ಲ ಎಂಬ ಕಾರಣ ಕೊಟ್ಟು 2015ರ ಕೊನೆಯಲ್ಲಿ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಕಂಪನಿ ಅದನ್ನು ಒಪ್ಪಲಿಲ್ಲ.

ಇಂಥ ಕರಾರು ಕೈಗೆ ಸಿಕ್ಕರೆ ಮೊದಲು ಬಾಡಿಗೆಯ ಪುಟ ನೋಡಬೇಡಿ, ಗುತ್ತಿಗೆ ಕೊಡುವವರ ಕರ್ತವ್ಯಗಳ ಪುಟ ತೆರೆಯಿರಿ. ಗಂಬೇಲಾ ಕರಾರಿನಲ್ಲಿ ಸರ್ಕಾರ ಜಮೀನನ್ನು ಖಾಲಿ ಮಾಡಿ, ಅಡೆತಡೆ ಇಲ್ಲದಂತೆ ಒಪ್ಪಿಸುವ ಹೊಣೆ ಹೊತ್ತಿತ್ತು. ಗಲಾಟೆ ಗದ್ದಲಗಳಿಂದ ಪುಕ್ಕಟೆ ರಕ್ಷಣೆ ಕೊಡುವುದಾಗಿಯೂ ಒಪ್ಪಿತ್ತು. ಸಂವಿಧಾನದ 40ನೇ ವಿಧಿಯಂತೆ ಇಥಿಯೋಪಿಯಾದ ನೆಲವೆಲ್ಲ ರಾಜ್ಯ ಮತ್ತು ಜನತೆಯ ಒಡೆತನದ್ದು, ಮಾರುವಂತಿಲ್ಲ. ಅನುವಾಕ್ ಮತ್ತು ನುವೆರ್ ಜನ ದನ ಮೇಯಿಸುವ ಹುಲ್ಲುಗಾವಲು, ಬೇಸಾಯ ಬದಲಿಸುತ್ತ ಹೋಗುವ ತುಂಡು ಭೂಮಿ ಯಾರ ಹೆಸರಿನ ಪಹಣಿಯಲ್ಲೂ ಇರುವುದಿಲ್ಲ. ಹೀಗಿದ್ದ ಮೇಲೆ ‘ಖಾಲಿ ಜಮೀನು’ ಎಂದು ಬರೆದುಕೊಡುವ ಕೈ ಸರ್ಕಾರದ್ದೊಂದೇ. ಅದೇ ವರ್ಷಗಳಲ್ಲಿ ಗಂಬೇಲಾದ ಹಳ್ಳಿಗಳನ್ನು ಒಂದೆಡೆ ಸೇರಿಸುವ ಸರ್ಕಾರಿ ಯೋಜನೆಯೂ ನಡೆಯುತ್ತಿತ್ತು. ಬಲವಂತದ ಸ್ಥಳಾಂತರ ನಡೆದಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ 2012ರ ಜನವರಿಯಲ್ಲಿ ವರದಿ ಮಾಡಿತು. ಸರ್ಕಾರ ಅಲ್ಲಗಳೆಯಿತು, ಗುತ್ತಿಗೆಗೂ ಸ್ಥಳಾಂತರಕ್ಕೂ ಸಂಬಂಧವಿಲ್ಲ ಎಂದಿತು.

ಸ್ಥಳೀಯರ ದಾರಿಗಳು ಕಡಿಮೆ. ಇಥಿಯೋಪಿಯಾ ಆಫ್ರಿಕಾದ ಮಾನವ ಹಕ್ಕುಗಳ ಸನ್ನದಿಗೆ ಸೇರಿದೆ, ಆದರೆ ಆಫ್ರಿಕನ್ ಮಾನವ ಹಕ್ಕು ನ್ಯಾಯಾಲಯದ ನಿಯಮಾವಳಿಯನ್ನು ಅನುಮೋದಿಸಿಲ್ಲ. ಹಾಗಾಗಿ ತಾಂಜಾನಿಯದ ಅರುಷಾದಲ್ಲಿರುವ ಆ ಕೋರ್ಟು ಮುಚ್ಚಿದ ಬಾಗಿಲು. ಗ್ಯಾಂಬಿಯಾದ ಬಾಂಜೂಲ್‌ನಲ್ಲಿರುವ ಆಫ್ರಿಕನ್ ಮಾನವ ಹಕ್ಕು ಆಯೋಗ ಉಳಿಯಿತು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಎಂದೂ ಇಲ್ಲ. ಇನ್ನೊಂದು ದಾರಿ ಸಾಲ ಕೊಟ್ಟವರನ್ನು ಹಿಡಿಯುವುದು. ಕೀನ್ಯಾಕ್ಕೆ ಓಡಿಹೋಗಿದ್ದ ಅನುವಾಕ್ ನಿರಾಶ್ರಿತರು 2012ರಲ್ಲಿ ವಿಶ್ವಬ್ಯಾಂಕಿನ ತಪಾಸಣಾ ಸಮಿತಿಗೆ ದೂರು ಕೊಟ್ಟರು. ಬ್ಯಾಂಕು ಹಣ ಕೊಟ್ಟ ಕಾರ್ಯಕ್ರಮಕ್ಕೂ ಸ್ಥಳಾಂತರಕ್ಕೂ ಇದ್ದ ನಂಟಿನ ಅಪಾಯವನ್ನು ಬ್ಯಾಂಕು ತನ್ನದೇ ನಿಯಮದಂತೆ ಅಳೆಯಲಿಲ್ಲ ಎಂದು ಸಮಿತಿ ಹೇಳಿತು. ಪರಿಹಾರದ ಆದೇಶ ಹೊರಡಿಸುವ ಅಧಿಕಾರ ಆ ಸಮಿತಿಗೆ ಇಲ್ಲ.

ಇನ್ನು ಕಂಪನಿಯ ಕಡೆ. ಹೂಡಿಕೆ ಮಾಡುವ ಮುನ್ನವೇ ನೋಡಿಕೊಳ್ಳಬೇಕಾದದ್ದು: ಎರಡು ದೇಶಗಳ ನಡುವಿನ ಒಪ್ಪಂದಕ್ಕೆ ಸಹಿ ಬಿದ್ದ ದಿನ ಬೇರೆ, ಜಾರಿಗೆ ಬಂದ ದಿನ ಬೇರೆ, ಎರಡನೆಯದು ಇಲ್ಲದಿದ್ದರೆ ಮೊದಲನೆಯದರಿಂದ ಪ್ರಯೋಜನವಿಲ್ಲ. ಭಾರತ ಇಕ್ಸಿಡ್ ಸದಸ್ಯನಲ್ಲ, ಇಥಿಯೋಪಿಯಾ 1965ರಲ್ಲಿ ಸಹಿ ಹಾಕಿ ಅಲ್ಲಿಗೇ ಬಿಟ್ಟಿದೆ. ಆದ್ದರಿಂದ ಮಧ್ಯಸ್ಥಿಕೆ ಬೇರೆ ನಿಯಮಗಳಡಿ ನಡೆಯಬೇಕು, ತೀರ್ಪಿನ ಜಾರಿಗೆ ನ್ಯೂಯಾರ್ಕ್ ಒಡಂಬಡಿಕೆಯ (ವಿದೇಶಿ ಮಧ್ಯಸ್ಥಿಕೆ ತೀರ್ಪುಗಳನ್ನು ಜಾರಿ ಮಾಡುವ ಒಪ್ಪಂದ) ಆಸರೆ ಬೇಕು. ಇಥಿಯೋಪಿಯಾ ಅದಕ್ಕೆ ಸೇರಿದ್ದು 2020ರಲ್ಲಿ. 2015ರಲ್ಲಿ ಒಬ್ಬರು ಕೇಸು ಗೆದ್ದಿದ್ದರೂ ಅಡಿಸ್ ಅಬಾಬಾದ ಕೋರ್ಟು ಅದನ್ನು ಜಾರಿ ಮಾಡಲು ಈ ಒಡಂಬಡಿಕೆಯಡಿ ಬದ್ಧವಾಗಿರಲಿಲ್ಲ.

ಪ್ರಶ್ನೆ: ಆಫ್ರಿಕನ್ ಆಯೋಗಕ್ಕೆ, ಪ್ರಾದೇಶಿಕ ಕೋರ್ಟುಗಳಿಗೆ ದೂರು ಕೊಡುವ ಕ್ರಮ ಹೇಗೆ? ಕಾಲಮಿತಿ ಇದೆಯೇ? ನಮ್ಮ ಸಂಸ್ಥೆಯ ಇಬ್ಬರು ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದಾರೆ.
— ಸ್ವಯಂಸೇವಾ ಸಂಸ್ಥೆ, ಮಂಗಳೂರು

ಉತ್ತರ: ಅರ್ಹ ಕೇಸುಗಳೂ ಹೆಚ್ಚಾಗಿ ಸಾಯುವುದು ಕಾಲಮಿತಿಯಲ್ಲೇ. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಕೀನ್ಯಾ, ತಾಂಜಾನಿಯ, ಉಗಾಂಡಾಗಳಿಗೆ ಅನ್ವಯಿಸುವ ಪೂರ್ವ ಆಫ್ರಿಕಾ ಕೂಟದ ನ್ಯಾಯಾಲಯದ ವಾಯಿದೆ ಎರಡೇ ತಿಂಗಳು. ಕೃತ್ಯ ನಡೆದ ದಿನದಿಂದ, ಅಥವಾ ಅದು ಅರ್ಜಿದಾರರಿಗೆ ಗೊತ್ತಾದ ದಿನದಿಂದ ಎಣಿಕೆ. ಆ ಕೂಟದ ಒಪ್ಪಂದದ 30(2) ವಿಧಿಯಲ್ಲಿ ಇದು ಬರೆದಿದೆ, ಕೋರ್ಟು ವಿನಾಯಿತಿ ಕೊಡುವುದಿಲ್ಲ. ಉಗಾಂಡಾದ ಹೊಯ್ಮಾದಿಂದ ತಾಂಜಾನಿಯದ ಟಾಂಗಾ ಬಂದರಿಗೆ 1,443 ಕಿ.ಮೀ. ಉದ್ದದ ಕಚ್ಚಾತೈಲ ಕೊಳವೆ ಬರುತ್ತಿದೆ. ಅದರಲ್ಲಿ ಫ್ರಾನ್ಸಿನ ಟೋಟಲ್‌ಎನರ್ಜೀಸ್‌ನ ಪಾಲು ಶೇ 62. ಪರಿಸರ ಮತ್ತು ಜನಹಕ್ಕುಗಳ ಪರವಾಗಿ ಸಂಘಟನೆಗಳು 2020ರ ನವೆಂಬರ್‌ನಲ್ಲಿ ದಾವೆ ಹೂಡಿದವು. ಎರಡು ಸರ್ಕಾರಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2017ರಲ್ಲಿ, ಆಗಲೇ ನಿಮಗೆ ವಿಷಯ ಗೊತ್ತಿತ್ತು ಎಂದು ಹೇಳಿ 2023ರ ನವೆಂಬರ್‌ನಲ್ಲಿ ಕೆಳಹಂತದ ಪೀಠ ಅರ್ಜಿಯನ್ನು ವಜಾ ಮಾಡಿತು. ಕೊಳವೆಯಿಂದ ಹಾನಿಯಾಗುತ್ತದೆಯೋ ಇಲ್ಲವೋ ಎಂಬ ವಿಚಾರಣೆಗೇ ಬರಲಿಲ್ಲ. ಸರ್ಕಾರದ ಜೊತೆ ಪತ್ರ ವ್ಯವಹಾರ ನಡೆಸುತ್ತ, ಉತ್ತರ ಬರಲಿ ಎಂದು ಕಾಯುವುದು ನಮ್ಮ ರೂಢಿ. ಈ ಕೋರ್ಟಿನಲ್ಲಿ ಆ ರೂಢಿ ಮುಳುಗಿಸುತ್ತದೆ. ದಾವೆ ಮೊದಲು, ಪತ್ರ ಆಮೇಲೆ.

ಎರಡನೆಯ ಪೆಟ್ಟು ಸಾಕ್ಷ್ಯದಲ್ಲಿ. ತಾಂಜಾನಿಯದ ಲೋಲಿಯೊಂಡೊದಲ್ಲಿ, ಅರಬ್ ಎಮಿರೇಟ್ಸ್ ಮೂಲದ ಬೇಟೆ ಕಂಪನಿಗೆ ಪರವಾನಗಿ ಕೊಟ್ಟ ಪ್ರದೇಶದಲ್ಲಿ, 2017ರಲ್ಲಿ ಮಸಾಯಿ ಜನರ ಗುಡಿಸಲುಗಳನ್ನು ಸುಟ್ಟು ಎಬ್ಬಿಸಿದರು ಎಂಬುದು ನಾಲ್ಕು ಹಳ್ಳಿಗಳ ದೂರು. 2022ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಎಬ್ಬಿಸಿದ್ದು ಹಳ್ಳಿಯ ಎಲ್ಲೆಯೊಳಗೋ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದೊಳಗೋ ಎಂಬುದು ರುಜುವಾತಾಗಿಲ್ಲ ಎಂಬ ಕಾರಣಕ್ಕೆ. ಮರುವರ್ಷ ಮೇಲ್ಮನವಿ ಪೀಠ ಅದನ್ನು ಮರುವಿಚಾರಣೆಗೆ ಕಳಿಸಿತಾದರೂ, ಪಾಠ ಸ್ಪಷ್ಟ. ಸುಟ್ಟ ಗುಡಿಸಲಿನ ಫೋಟೊ ಮಾತ್ರ ಸಾಲದು. ಪ್ರತಿ ಗುಡಿಸಲಿನ ಜಿಪಿಎಸ್ ಅಂಕೆ, ದಿನ, ಹೊತ್ತು, ಮನೆಯವರ ಹೆಸರು, ಹಳ್ಳಿಯ ನೋಂದಾಯಿತ ನಕ್ಷೆಯ ದೃಢೀಕೃತ ಪ್ರತಿ, ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸುವ ಸರ್ವೆಯವರ ವರದಿ, ಇಷ್ಟೂ ಬೇಕು. ಚಕ್ಕುಬಂದಿ ಸರಿ ಇಲ್ಲದ ದಾವೆ ನಮ್ಮ ಮುನ್ಸಿಫ್ ಕೋರ್ಟಿನಲ್ಲೂ ನಿಲ್ಲುವುದಿಲ್ಲವಲ್ಲ.

ಆಫ್ರಿಕನ್ ಆಯೋಗದಲ್ಲಿ ತಿಂಗಳ ಲೆಕ್ಕವಿಲ್ಲ, ‘ಯುಕ್ತ ಸಮಯ’ ಎಂದಿದೆ. ಸನ್ನದಿನ 56ನೇ ವಿಧಿಯ ಏಳು ಷರತ್ತುಗಳಿಗೆ ದೂರು ಒಪ್ಪಬೇಕು. ದೂರುದಾರರು ಯಾರೆಂದು ತಿಳಿಸಬೇಕು. ಹೆಸರು ಗುಪ್ತವಾಗಿಡಿ ಎಂದು ಕೋರಬಹುದು, ಅನಾಮಧೇಯ ಪತ್ರ ನಡೆಯದು. ಪತ್ರಿಕೆಯ ಸುದ್ದಿಯನ್ನಷ್ಟೇ ಆಧರಿಸಿರಬಾರದು. ಸ್ಥಳೀಯ ಕೋರ್ಟುಗಳನ್ನು ಮುಗಿಸಿರಬೇಕು, ಅಥವಾ ಅಲ್ಲಿ ವಿಪರೀತ ವಿಳಂಬವಾಗಿದೆ ಎಂದು ತೋರಿಸಬೇಕು. ಇನ್ನೊಂದು ಅಂತರರಾಷ್ಟ್ರೀಯ ವೇದಿಕೆಯಲ್ಲಿ ಇತ್ಯರ್ಥವಾಗಿರಬಾರದು. ಸನ್ನದಿಗೆ ಹೊಂದುವ ದೂರಾಗಿರಬೇಕು ಎಂಬುದು ಔಪಚಾರಿಕ. ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ಷರತ್ತು ಎಂದರೆ ನಿಂದನೆಯ ಭಾಷೆ ಕೂಡದು ಎನ್ನುವುದು. ಕ್ಯಾಮರೂನ್ ವಿರುದ್ಧದ ಗಂಭೀರ ದೂರೊಂದು 1997ರಲ್ಲಿ ಬಿದ್ದುಹೋಗಲು ‘ಚಿತ್ರಹಿಂಸಕರ ಆಡಳಿತ’ ಎಂಬಂಥ ಮಾತುಗಳೂ ಕಾರಣವಾದವು. ಸಿಟ್ಟನ್ನು ಕರಪತ್ರಕ್ಕೆ ಇಟ್ಟುಕೊಂಡು ದೂರಿನಲ್ಲಿ ಘಟನೆ ಮತ್ತು ವಿಧಿ ಸಂಖ್ಯೆ ಮಾತ್ರ ಬರೆಯಿರಿ. ಜಮೀನಿನ ಕೇಸಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದು 14 (ಆಸ್ತಿ), 21 (ನೈಸರ್ಗಿಕ ಸಂಪತ್ತು), 22 (ಅಭಿವೃದ್ಧಿ), 24 (ಪರಿಸರ). ವಿದೇಶಿ ಆರ್ಥಿಕ ಶೋಷಣೆಯನ್ನು ತೊಡೆಯುವ ಹೊಣೆ ಸರ್ಕಾರದ್ದು ಎಂದು 21(5) ನೇರವಾಗಿಯೇ ಹೇಳುತ್ತದೆ. ಅದನ್ನು ಉಲ್ಲೇಖಿಸುವವರು ಕಡಿಮೆ.

ಕೀನ್ಯಾ ಆಫ್ರಿಕನ್ ನ್ಯಾಯಾಲಯದ ಸದಸ್ಯ, ಆದರೆ ವ್ಯಕ್ತಿಗಳು ನೇರವಾಗಿ ಬರಲು ಬೇಕಾದ 34(6) ಘೋಷಣೆಯನ್ನು ಕೊಟ್ಟಿಲ್ಲ. ಕೊಟ್ಟವರಲ್ಲೂ ರುವಾಂಡಾ 2016ರಲ್ಲಿ, ತಾಂಜಾನಿಯ 2019ರಲ್ಲಿ, ಬೆನಿನ್ ಮತ್ತು ಐವರಿ ಕೋಸ್ಟ್ 2020ರಲ್ಲಿ ಹಿಂದೆಗೆದುಕೊಂಡವು. ನಿಮ್ಮವರಿಗೆ ಉಳಿದ ದಾರಿ, ಆಯೋಗಕ್ಕೆ ಹೋಗಿ ಅದರ ಮೂಲಕ ನ್ಯಾಯಾಲಯ ಸೇರುವುದು. ಮಾವು ಅರಣ್ಯದ ಒಗಿಯೆಕ್ ಜನ ಮಾಡಿದ್ದು ಅದನ್ನೇ. 2009ರಲ್ಲಿ 30 ದಿನದ ತೆರವು ನೋಟಿಸ್ ಬಂತು, ಆಯೋಗ 2012ರಲ್ಲಿ ಕೇಸನ್ನು ನ್ಯಾಯಾಲಯಕ್ಕೆ ಒಯ್ದಿತು, 2017ರ ಮೇ 26ರಂದು ಗೆಲುವು, 2022ರ ಜೂನ್‌ನಲ್ಲಿ 15.785 ಕೋಟಿ ಕೀನ್ಯಾ ಶಿಲ್ಲಿಂಗ್ ಪರಿಹಾರ ಮತ್ತು ಜಮೀನಿಗೆ ಸಾಮೂಹಿಕ ಹಕ್ಕುಪತ್ರ ಕೊಡುವ ಆದೇಶ. ಹದಿಮೂರು ವರ್ಷ. ಅಷ್ಟು ದಿನ ಸಮುದಾಯ ಒಟ್ಟಾಗಿ ಉಳಿಯದಿದ್ದರೆ ಕೇಸೂ ಉಳಿಯುವುದಿಲ್ಲ.

ಪ್ರಶ್ನೆ: ಪರಿಸರ ಹಾಳುಮಾಡಿದ ವಿದೇಶಿ ಕಂಪನಿಯನ್ನೇ ಇಂಥ ಕೋರ್ಟಿನಲ್ಲಿ ಪ್ರತಿವಾದಿ ಮಾಡಬಹುದೇ?
— ಓದುಗರು, ಸಂಡೂರು

ಉತ್ತರ: ಆಗುವುದಿಲ್ಲ. ನೈಜರ್ ನದಿಮುಖಜ ಭೂಮಿಯ ತೈಲ ಮಾಲಿನ್ಯದ ಕೇಸಿನಲ್ಲಿ ನೈಜೀರಿಯಾ ಸರ್ಕಾರದ ಜೊತೆ ತೈಲ ಕಂಪನಿಗಳನ್ನೂ ಸೇರಿಸಿದ್ದರು. ಪಶ್ಚಿಮ ಆಫ್ರಿಕಾ ಕೂಟದ ಅಬುಜಾ ನ್ಯಾಯಾಲಯ ಕಂಪನಿಗಳನ್ನು ಕೈಬಿಟ್ಟಿತು, 2012ರ ಡಿಸೆಂಬರ್‌ನಲ್ಲಿ ಸರ್ಕಾರವನ್ನು ಮಾತ್ರ ಹೊಣೆ ಮಾಡಿತು. ಈ ಕೋರ್ಟಿನ ಒಂದು ಅನುಕೂಲ ಎಂದರೆ ಸ್ಥಳೀಯ ಕೋರ್ಟುಗಳನ್ನು ಮುಗಿಸಿ ಬನ್ನಿ ಎನ್ನುವುದಿಲ್ಲ.

ಕಂಪನಿಯನ್ನೇ ಹಿಡಿಯಬೇಕಾದರೆ ಅದರ ತವರು ದೇಶದ ಕೋರ್ಟಿಗೆ ಹೋಗಬೇಕು. ಜಾಂಬಿಯಾದ ಚಿಂಗೋಲಾದಲ್ಲಿ ತಾಮ್ರದ ಗಣಿಯ ಕೊಳಕು ನೀರು ನದಿಗೆ ಸೇರಿತೆಂದು 1,826 ಹಳ್ಳಿಗರು ಲಂಡನ್‌ನಲ್ಲಿ ವೇದಾಂತ ವಿರುದ್ಧ ದಾವೆ ಹೂಡಿದರು. ಮಾತೃ ಕಂಪನಿ ತನ್ನ ಅಂಗಸಂಸ್ಥೆಗಳ ಪರಿಸರ ಹೊಣೆಯನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ವರದಿಗಳಲ್ಲಿ ಬರೆದುಕೊಂಡಿದ್ದುದೇ ಅವರಿಗೆ ಆಧಾರವಾಯಿತು. ಕೇಸು ಇಂಗ್ಲೆಂಡಿನಲ್ಲಿ ನಡೆಯಬಹುದು ಎಂದು 2019ರ ಏಪ್ರಿಲ್ 10ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಹೊಣೆ ಒಪ್ಪಿಕೊಳ್ಳದೆಯೇ ಕಂಪನಿ ರಾಜಿ ಮಾಡಿಕೊಂಡಿತು. ಕಂಪನಿಯ ವಾರ್ಷಿಕ ವರದಿಯ ಸುಸ್ಥಿರತೆಯ ಅಧ್ಯಾಯವನ್ನು ಯಾರೂ ಓದುವುದಿಲ್ಲ. ನೀವು ಓದಿ.

ಪ್ರಶ್ನೆ: ‘ಹೂಡಿಕೆ ಒಪ್ಪಂದ ಇದೆ, ಹಾಗಾಗಿ ಬುಡಕಟ್ಟು ಜನರಿಗೆ ಜಮೀನು ವಾಪಸ್ ಕೊಡಲಾಗದು’ ಎಂದು ಸರ್ಕಾರ ಹೇಳಿದರೆ ಅದು ಸರಿಯೇ?
— ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಪರಾಗ್ವೆ ಇದೇ ವಾದ ಹೂಡಿ ಸೋತಿತು. ಸಾವೊಯಮಾಕ್ಸ ಸಮುದಾಯದ ಪೂರ್ವಿಕರ 14,404 ಹೆಕ್ಟೇರ್ ಜರ್ಮನ್ ಹೂಡಿಕೆದಾರರ ಕೈಯಲ್ಲಿತ್ತು. ಆ ಜನ ಹೆದ್ದಾರಿಗೂ ತಂತಿಬೇಲಿಗೂ ನಡುವಿನ ಪಟ್ಟಿಯಲ್ಲಿ ಟೆಂಟು ಹಾಕಿಕೊಂಡು ಬದುಕುತ್ತಿದ್ದರು. ಜರ್ಮನಿಯ ಜೊತೆಗಿನ ಒಪ್ಪಂದ ಅಡ್ಡ ಬರುತ್ತದೆ ಎಂದಿತು ಸರ್ಕಾರ. ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ 2006ರ ಮಾರ್ಚ್ 29ರಂದು ಸರಳವಾಗಿ ಉತ್ತರಿಸಿತು: ಆ ಒಪ್ಪಂದ ಭೂಸ್ವಾಧೀನವನ್ನು ನಿಷೇಧಿಸಿಲ್ಲ, ಸಾರ್ವಜನಿಕ ಉದ್ದೇಶ ಇರಬೇಕು, ಪರಿಹಾರ ಕೊಡಬೇಕು ಎಂದಿದೆ ಅಷ್ಟೆ; ಮೂಲನಿವಾಸಿಗಳಿಗೆ ನೆಲ ಮರಳಿಸುವುದು ಅಂಥ ಉದ್ದೇಶವಾಗಬಲ್ಲದು. ಸ್ವಾಧೀನದ ಕಾನೂನು ಬಂದದ್ದು 2014ರಲ್ಲಿ.

ಉಲ್ಟಾ ದಿಕ್ಕಿನ ಉದಾಹರಣೆ ಪೆರು. ಪುನೋ ಪ್ರಾಂತ್ಯದಲ್ಲಿ ಐಮಾರಾ ಜನರ ಪ್ರತಿಭಟನೆಗೆ ಮಣಿದು ಸರ್ಕಾರ 2011ರಲ್ಲಿ ಕೆನಡಾದ ಬೇರ್ ಕ್ರೀಕ್ ಕಂಪನಿಯ ಬೆಳ್ಳಿ ಗಣಿಯ ಅನುಮತಿ ರದ್ದು ಮಾಡಿತು, ಆದರೆ ಕಂಪನಿಯ ಅಹವಾಲು ಕೇಳದೆ. ಕಂಪನಿ ಇಕ್ಸಿಡ್‌ಗೆ ಹೋಯಿತು, 2017ರಲ್ಲಿ ಸರ್ಕಾರ ಸೋತಿತು. ಕಂಪನಿ ಕೇಳಿದ್ದು 50 ಕೋಟಿ ಡಾಲರಿಗೂ ಮೇಲೆ, ಸಿಕ್ಕಿದ್ದು ಸುಮಾರು 1.82 ಕೋಟಿ. ಹೂಡಿದ ಹಣವಷ್ಟೇ ಬಂತು, ಮುಂದಿನ ಲಾಭ ಬರಲಿಲ್ಲ. ಜನರ ಒಪ್ಪಿಗೆ ಇಲ್ಲದ ಗಣಿಗೆ ಲಾಭದ ಲೆಕ್ಕವೇ ನಿಲ್ಲದು ಎಂಬ ತರ್ಕ ಅದರ ಹಿಂದಿದೆ. ಸರ್ಕಾರ ಮೊದಲೇ ಜನರ ಜೊತೆ ಸಮಾಲೋಚಿಸಿದ್ದರೆ, ಆಮೇಲೆ ಕಂಪನಿಗೆ ನೋಟಿಸ್ ಕೊಟ್ಟು ಕೇಳಿದ್ದರೆ, ಇಷ್ಟೂ ಉಳಿಯುತ್ತಿತ್ತು.

ಪ್ರಶ್ನೆ: ಏಷ್ಯಾದಲ್ಲಿ, ಅದರಲ್ಲೂ ಭಾರತಕ್ಕೆ, ಇಂಥ ಪ್ರಾದೇಶಿಕ ನ್ಯಾಯಾಲಯ ಇದೆಯೇ?
— ಶಿಕ್ಷಕರು, ಗದಗ

ಉತ್ತರ: ಇಲ್ಲ. ಸಾರ್ಕ್‌ಗೆ ಇಲ್ಲ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ಗೆ 2009ರಿಂದ ಒಂದು ಮಾನವ ಹಕ್ಕು ಆಯೋಗ ಇದೆ, ವ್ಯಕ್ತಿಗಳ ದೂರನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ನಮ್ಮಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ಮತ್ತು ಬೀದಿ. ನಿಮ್ಮ ಜಿಲ್ಲೆಯ ಹಳ್ಳಿಗುಡಿಯಲ್ಲಿ ಕೊರಿಯಾದ ಪೋಸ್ಕೊ ಉಕ್ಕು ಕಾರ್ಖಾನೆಗೆ ಭೂಸ್ವಾಧೀನ 2011ರಲ್ಲಿ ನಿಂತದ್ದು ರೈತರ ಮತ್ತು ಮಠದ ವಿರೋಧದಿಂದ, 2013ರಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು.

ಹೂಡಿಕೆದಾರರ ಕಡೆಯ ಬಾಗಿಲನ್ನು ಭಾರತ ಕಿರಿದು ಮಾಡಿದೆ. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕಂಪನಿಯ ಎದುರು ಹೂಡಿಕೆ ಮಧ್ಯಸ್ಥಿಕೆಯಲ್ಲಿ 2011ರಲ್ಲಿ ಸೋತ ಮೇಲೆ (ನಮ್ಮ ಕೋರ್ಟುಗಳ ವಿಳಂಬವೇ ಆ ಕೇಸಿನ ತಿರುಳು) ಸರ್ಕಾರ ಹೊಸ ಮಾದರಿ ಒಪ್ಪಂದ ತಂದು ಹಳೆಯವುಗಳಲ್ಲಿ ಬಹುಪಾಲನ್ನು ರದ್ದು ಮಾಡಿತು. ಹೊಸ ಮಾದರಿಯಲ್ಲಿ ಮೊದಲು ಐದು ವರ್ಷ ಸ್ಥಳೀಯ ಕೋರ್ಟುಗಳಲ್ಲಿ ಹೋರಾಡಬೇಕು, ತೆರಿಗೆ ವಿಷಯ ಹೊರಗೆ. ಯುಎಇ ಜೊತೆಗಿನ 2024ರ ಒಪ್ಪಂದದಲ್ಲಿ ಐದು ವರ್ಷ ಮೂರಕ್ಕೆ ಇಳಿಯಿತು. ಹಳೆಯ ಒಪ್ಪಂದ ರದ್ದಾದರೂ ಆಗಲೇ ಮಾಡಿದ ಹೂಡಿಕೆಗೆ ಸಾಮಾನ್ಯವಾಗಿ ಇನ್ನೂ 10–15 ವರ್ಷ ರಕ್ಷಣೆ ಉಳಿಯುತ್ತದೆ ಎಂಬುದನ್ನು ಮರೆಯಬೇಡಿ.

ಜನರ ಕಡೆಗೆ ಬಂದರೆ, ಯೋಜನೆಗೆ ಅಂತರರಾಷ್ಟ್ರೀಯ ಬ್ಯಾಂಕಿನ ಸಾಲ ಇದೆಯೇ ಎಂದು ನೋಡಿ. ಗುಜರಾತಿನ ಮುಂದ್ರಾ ವಿದ್ಯುತ್ ಸ್ಥಾವರಕ್ಕೆ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಮೀನುಗಾರರು ಅದರ ಓಂಬುಡ್ಸ್‌ಮನ್ (ದೂರು ವಿಚಾರಿಸುವ) ಕಚೇರಿಗೆ ದೂರು ಕೊಟ್ಟರು, ಲೋಪಗಳಾಗಿವೆ ಎಂದು ವರದಿ ಬಂತು, ಪರಿಹಾರ ಬರಲಿಲ್ಲ. ಆಮೇಲೆ ಅಮೆರಿಕದಲ್ಲಿ ದಾವೆ ಹೂಡಿದರು. ಐಎಫ್‌ಸಿಗೆ ಸಂಪೂರ್ಣ ವಿನಾಯಿತಿ ಇಲ್ಲ ಎಂದು 2019ರ ಫೆಬ್ರವರಿ 27ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದಾಗ ದೊಡ್ಡ ಸುದ್ದಿಯಾಯಿತು. ಕೆಳಗಿನ ಕೋರ್ಟಿಗೆ ಮರಳಿದಾಗ, ದೂರಿನ ಮೂಲ ಕೃತ್ಯ ನಡೆದದ್ದು ಭಾರತದಲ್ಲಿ, ಅಮೆರಿಕದಲ್ಲಲ್ಲ ಎಂಬ ಕಾರಣಕ್ಕೆ ಕೇಸು ವಜಾ ಆಯಿತು. ಓಂಬುಡ್ಸ್‌ಮನ್‌ಗೆ ದೂರು ಕೊಡುವುದಾದರೆ ಸಾಲದ ಖಾತೆ ಮುಗಿಯುವ ಮುನ್ನ ಕೊಡಿ. ಕನ್ನಡದಲ್ಲೇ ಬರೆದು ಕಳಿಸಬಹುದು, ಶುಲ್ಕವಿಲ್ಲ.